ಕಟ್ಟಿದ ಮನೆಯ ಕಿಟಕಿಯನ್ನು ದೊಡ್ಡದು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮನೆಗಳ ನಕ್ಷೆ ಬರೆದು, ಕಟ್ಟಡ ಮತ್ತು ದುರಸ್ತಿಯ ಕೆಲಸ ನೋಡಿಕೊಳ್ಳುವ ನನಗೆ ಪ್ರತಿ ಬೇಸಿಗೆಯ ಬಾಗಿಲಲ್ಲಿ ಒಂದೇ ವಿಷಯದ ಮೇಲೆ ಹತ್ತಾರು ಮಂದಿ ಪ್ರಶ್ನೆ ಕೇಳುತ್ತಾರೆ: ಇದ್ದ ಗೋಡೆಯಲ್ಲಿ ಇದ್ದ ಕಿಟಕಿಯನ್ನು ದೊಡ್ಡದು ಮಾಡಬಹುದೇ? ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

"ನಮ್ದು ಆರ್‌ಸಿಸಿ ಮನಿ ಅದರಿ. ಅಂದ್ರ ಗ್ವಾಡಿನೂ ಕಾಂಕ್ರೀಟಿಂದೇ ಅಲ್ಲೇನು?"

ಬಹುಪಾಲು ಮನೆಗಳಲ್ಲಿ ಅಲ್ಲ. ಆರ್‌ಸಿಸಿ ಎಂದರೆ ಕಬ್ಬಿಣದ ಸಳಿ ಹಾಕಿ ಸುರಿದ ಕಾಂಕ್ರೀಟು, ಆದರೆ ನಮ್ಮ ಕಡೆ ಮೇಲೆ ಸ್ಲ್ಯಾಬ್ (ಕಾಂಕ್ರೀಟಿನ ಮಾಳಿಗೆ) ಬಿದ್ದ ಮನೆಯನ್ನೆಲ್ಲ ಆರ್‌ಸಿಸಿ ಮನೆ ಎಂದು ಕರೆಯುವ ರೂಢಿಯಿದೆ. ಗೋಡೆ ಯಾವುದರದ್ದೆಂಬುದನ್ನು ಆ ಮಾತು ಹೇಳುವುದಿಲ್ಲ. ನಾನು ದಿನವೂ ನೋಡುವ ಗೋಡೆಗಳು ನಾಲ್ಕು ಬಗೆಯವು. ಹಳೆಯ ಓಣಿಗಳಲ್ಲಿ ಒಂದೂವರೆ, ಎರಡು ಅಡಿ ದಪ್ಪದ ಕಲ್ಲಿನ ಗೋಡೆಗಳಿದ್ದು, ಮಣ್ಣಿನ ಮಾಳಿಗೆ ತೆಗೆದು ಅವುಗಳ ಮೇಲೆ ಸ್ಲ್ಯಾಬ್ ಹಾಕಿಸಿಕೊಂಡಿರುತ್ತಾರೆ. ಅನಂತರದ ಕಾಲದ ಮನೆಗಳಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯೇ ಸ್ಲ್ಯಾಬನ್ನು ಹೊತ್ತಿರುತ್ತದೆ. ಈಚಿನ ಬಡಾವಣೆಗಳಲ್ಲಿ ಪಿಲ್ಲರ್ ಮತ್ತು ಬೀಮಿನ ಚೌಕಟ್ಟು ಎದ್ದ ಮೇಲೆ ನಡುವಿನ ಜಾಗದಲ್ಲಿ ಆರು ಅಥವಾ ನಾಲ್ಕು ಇಂಚಿನ ಸಿಮೆಂಟ್ ಬ್ಲಾಕ್ ತುಂಬಿರುತ್ತಾರೆ. ಜನ ಕಾಂಕ್ರೀಟ್ ಗೋಡೆ ಎನ್ನುವುದು ಹೆಚ್ಚಾಗಿ ಇದನ್ನೇ. ನಾಲ್ಕನೆಯದು ನಿಜವಾದ ಕಾಂಕ್ರೀಟ್ ಗೋಡೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಒಳಗೆ ಸಳಿಗಳ ಜಾಲರಿ ಕಟ್ಟಿ, ಗೋಡೆ ಮತ್ತು ಸ್ಲ್ಯಾಬನ್ನು ಒಟ್ಟಿಗೇ ಸುರಿದು ಮಾಡುವ ಇದನ್ನು ಕೆಲಸಗಾರರು ಮೈವಾನ್ ಎನ್ನುತ್ತಾರೆ. ಕಿಟಕಿ ದೊಡ್ಡದು ಮಾಡುವ ಕ್ರಮ ಈ ನಾಲ್ಕಕ್ಕೂ ಬೇರೆ ಬೇರೆ, ಆದ್ದರಿಂದ ನಿಮ್ಮ ಗೋಡೆ ಯಾವುದೆಂದು ತಿಳಿಯುವವರೆಗೆ ಪಕ್ಕದ ಮನೆಯವರು ಮಾಡಿಸಿದ್ದು ನಿಮಗೆ ಮಾದರಿಯಾಗದು.

"ಗ್ವಾಡಿ ಯಾವುದರದ್ದು ಅಂತ ಒಡೀದೇ ಹ್ಯಾಂಗ ತಿಳೀತದ?"

ಈಗಿರುವ ಕಿಟಕಿಯ ಬಳಿ ಟೇಪು ಹಿಡಿದು ಗೋಡೆಯ ದಪ್ಪ ಅಳೆಯಿರಿ. ಎರಡೂ ಬದಿಯ ಗಿಲಾವು ಸೇರಿ ಹತ್ತು ಇಂಚಿನ ಆಸುಪಾಸು ಬಂದರೆ ಅದು ಒಂಬತ್ತು ಇಂಚಿನ ಇಟ್ಟಿಗೆ ಇರಬೇಕು. ಏಳು, ಏಳೂವರೆ ಬಂದರೆ ಆರು ಇಂಚಿನ ಬ್ಲಾಕ್. ಹದಿನೆಂಟು ದಾಟಿದರೆ ಕಲ್ಲು. ಬಳಿಕ ಮರೆಯಾದ ಕಡೆ ಎರಡು ಇಂಚು ಆಳಕ್ಕೆ ಒಂದು ಸಣ್ಣ ಡ್ರಿಲ್ ಹಾಕಿ, ಕೆಳಗೆ ಬಿಳಿ ಹಾಳೆ ಹಿಡಿಯಿರಿ. ಮೊದಲು ಗಿಲಾವಿನ ಬೂದು ಪುಡಿ ಉದುರುತ್ತದೆ. ಅನಂತರ ಕೆಂಪು ಪುಡಿ ಬಂದರೆ ಇಟ್ಟಿಗೆ, ಉಸುಕು ಬೆರೆತ ಬೂದು ಪುಡಿ ಸರಸರನೆ ಬಂದರೆ ಬ್ಲಾಕ್. ಡ್ರಿಲ್ ಮುಂದೆ ಹೋಗಲು ಒಲ್ಲೆನ್ನುತ್ತ, ಎರಡು ಮೂರು ಕಡೆ ಲೋಹಕ್ಕೆ ತಾಗಿದರೆ ಅದು ಸುರಿದ ಕಾಂಕ್ರೀಟ್ ಗೋಡೆ ಎಂದು ಭಾವಿಸಿ ಅಲ್ಲಿಗೇ ನಿಲ್ಲಿಸಿರಿ.

ಗೋಡೆ ಯಾವುದರದ್ದೆಂಬುದಕ್ಕಿಂತ ಅದು ಏನನ್ನು ಹೊತ್ತಿದೆ ಎಂಬುದು ದೊಡ್ಡ ಪ್ರಶ್ನೆ. ಸ್ಲ್ಯಾಬಿನ ಕೆಳಗೆ ಗೋಡೆಯ ಉದ್ದಕ್ಕೂ ಬೀಮು ಹಾದು, ಅದು ಎರಡೂ ತುದಿಯಲ್ಲಿ ಪಿಲ್ಲರಿನ ಮೇಲೆ ಕುಳಿತಿದ್ದರೆ ಗೋಡೆ ಬರೀ ತಡಿಕೆ. ಸ್ಲ್ಯಾಬ್ ನೇರವಾಗಿ ಗೋಡೆಯ ತಲೆಯ ಮೇಲೆಯೇ ಕುಳಿತಿದ್ದರೆ ಗೋಡೆಯೇ ಪಿಲ್ಲರು. ಎರಡೂ ಬೆರೆತ ಮನೆಗಳು ನಮ್ಮಲ್ಲಿ ಸಾಕಷ್ಟಿವೆ: ಮುಂದಿನ ಭಾಗ ಪಿಲ್ಲರಿನ ಮೇಲೆ, ಹಿಂದಿನ ಅಡುಗೆಮನೆ ಹಳೆಯ ಗೋಡೆಯ ಮೇಲೆ. ಹೀಗಾಗಿ ಪ್ರತಿ ಗೋಡೆಯನ್ನೂ ಬೇರೆಯಾಗಿ ನೋಡಬೇಕು.

"ಒಂದು ರೂಮಿಗೆ ಕಿಟಕಿ ಎಷ್ಟು ದೊಡ್ಡದಿರಬೇಕು?"

ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಸೆಕೆಯ ಪ್ರದೇಶಕ್ಕೆ ಕೋಣೆಯ ನೆಲದ ಹತ್ತನೇ ಒಂದು ಭಾಗವನ್ನೂ ತೇವದ ಸೆಕೆಯ ಪ್ರದೇಶಕ್ಕೆ ಆರನೇ ಒಂದು ಭಾಗವನ್ನೂ ಕನಿಷ್ಠವೆಂದು ಹೇಳುತ್ತದೆ. ನಮ್ಮದು ಒಣ ಸೆಕೆಯ ನಾಡು. 12 ಅಡಿಗೆ 10 ಅಡಿಯ ಕೋಣೆಯ ನೆಲ 120 ಚದರಡಿ, ಅದಕ್ಕೆ 12 ಚದರಡಿ ಕಿಟಕಿ, ಅಂದರೆ 4 ಅಡಿಗೆ 3 ಅಡಿ. ಕರಾವಳಿಯ ಮನೆಗಳ ಚಿತ್ರ ನೋಡಿ ಅಷ್ಟು ದೊಡ್ಡ ಕಿಟಕಿ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎದುರು ಗೋಡೆಯಲ್ಲಿ ಗಾಳಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕಿಟಕಿಯನ್ನು ಎಷ್ಟು ದೊಡ್ಡದು ಮಾಡಿದರೂ ಗಾಳಿ ಆಡುವುದಿಲ್ಲ. ಅಂಥ ಕೋಣೆಗೆ ಎದುರಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಹೆಚ್ಚು ಉಪಕಾರ ಮಾಡುತ್ತದೆ.

"ಕೂಲರ್ ಕೂಡಿಸ್ಲಿಕ್ಕಿ ಖಿಡಕಿ ದೊಡ್ಡದು ಮಾಡ್ಸಬೇಕಂತೀವಿ. ಮಾಡ್ಸಲೇನ್ರಿ?"

ಬೇಡ. ಕೂಲರಿನ ಗಾಳಿ ಒಳಬರಲು ಅದರ ಮುಖದಷ್ಟು ಜಾಗ ಸಾಕು, ಮನೆಯಲ್ಲಿ ಬಳಸುವ ಹೆಚ್ಚಿನವುಗಳಿಗೆ ಎರಡಡಿಯ ಚೌಕ. ಕಿಟಕಿಯ ಒಂದು ಬಾಗಿಲನ್ನು ಕಳಚಿ, ಉಳಿದ ಸಂದನ್ನು ತಗಡಿನಿಂದಲೋ ಪ್ಲೈವುಡ್ಡಿನಿಂದಲೋ ಮುಚ್ಚಿ, ಕೂಲರನ್ನು ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ. ನೀರು ತುಂಬಿದ ಕೂಲರನ್ನು ಗ್ರಿಲ್ಲಿನ ಮೇಲೆ ಹೇರಬಾರದು. ಇನ್ನೊಂದು ಮಾತು: ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ, ಆ ತೇವದ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ಕೋಣೆಯನ್ನೆಲ್ಲ ಮುಚ್ಚಿಕೊಂಡು ಕೂಲರ್ ಹಚ್ಚಿದವರೇ ಆಮೇಲೆ ಮೈಯೆಲ್ಲ ಜಿಗುಟೆಂದು ಹೇಳಿ ಕಿಟಕಿಯ ಮೇಲೆ ತಪ್ಪು ಹೊರಿಸುವುದು.

"ಪಶ್ಚಿಮದ ಗೋಡೆಯ ಕಿಟಕಿ ದೊಡ್ಡದು ಮಾಡಿದರೆ ಬಿಸಿಲು ಬರುತ್ತದೆಯೇ?"

ಬರುತ್ತದೆ, ಮತ್ತು ಅದನ್ನು ಛಜ್ಜಾದಿಂದ (ಕಿಟಕಿಯ ಮೇಲೆ ಹೊರಚಾಚಿದ ಕಾಂಕ್ರೀಟಿನ ನೆರಳುಹಾಸಿನಿಂದ) ತಡೆಯಲಾಗದು. ಏಪ್ರಿಲ್‌ನ ಸಂಜೆ ನಾಲ್ಕು, ಐದು ಗಂಟೆಯ ಸೂರ್ಯ ತಗ್ಗಿನಲ್ಲಿದ್ದು ಛಜ್ಜಾದ ಕೆಳಗಿನಿಂದಲೇ ಒಳಗೆ ನುಗ್ಗುತ್ತಾನೆ. ಹೊರಗಿನಿಂದ ಇಳಿಬಿಡುವ ಬಿದಿರಿನ ಪರದೆ (ಚಿಕ್ಕು), ಖಸ್‌ನ (ಲಾವಂಚದ) ಟಟ್ಟಿ ಅಥವಾ ಒಂದು ಬೇವಿನ ಮರ ಮಾತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ಪರದೆಯನ್ನು ಒಳಗೆ ಹಾಕಿದರೆ ಗಾಜು ದಾಟಿ ಬಂದ ಕಾವು ಒಳಗೇ ಉಳಿಯುತ್ತದೆ. ದಕ್ಷಿಣದ ಗೋಡೆಯ ಲೆಕ್ಕ ಬೇರೆ. ಕಲಬುರಗಿ 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಡಿಸೆಂಬರ್ 21ರ ನಡುಹಗಲಲ್ಲಿಯೂ ಸೂರ್ಯ ದಕ್ಷಿಣಕ್ಕೆ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಎರಡಡಿಯ ಛಜ್ಜಾ ಎರಡೂ ಕಾಲು ಅಡಿಯಷ್ಟು ನೆರಳು ಕೊಡುತ್ತದೆ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬಂದು ಉತ್ತರಕ್ಕೆ ವಾಲುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಕಾಟವೇ ಇಲ್ಲ. ಆಯ್ಕೆಯಿದ್ದರೆ ಉತ್ತರ ಮತ್ತು ದಕ್ಷಿಣದ ಗೋಡೆಗಳನ್ನೇ ಆರಿಸಿಕೊಳ್ಳಿರಿ.

## ಗೋಡೆಗೆ ಕೈ ಹಚ್ಚುವ ಮುನ್ನ

"ಅಗಲ ಮಾಡೋದು ಬೇಸೋ, ಎತ್ತರ ಮಾಡೋದು ಬೇಸೋ?"

ಎರಡಕ್ಕಿಂತ ಮೊದಲು ಕೆಳಕ್ಕೆ ಇಳಿಸಲು ಸಾಧ್ಯವೇ ಎಂದು ನೋಡಿರಿ. ಇಷ್ಟು ವರ್ಷಗಳಲ್ಲಿ ನಾನು ಹೆಚ್ಚು ಮನೆಗಳಿಗೆ ಕೊಟ್ಟ ಸಲಹೆ ಇದೇ. ಕಿಟಕಿಯ ತಲೆಯ ಮೇಲಿನ ಗೋಡೆ ಲಿಂಟಲಿನ, ಅಂದರೆ ತೆರಪಿನ ಮೇಲೆ ಅಡ್ಡಲಾಗಿ ಕೂಡಿಸಿದ ತೊಲೆಯ, ಮೇಲೆ ಕುಳಿತಿದೆ, ಆ ಲಿಂಟಲಿನ ಭಾರ ಎರಡೂ ಪಕ್ಕದ ಗೋಡೆಯೊಳಗೆ ಇಳಿಯುತ್ತಿದೆ. ಆದರೆ ಕಿಟಕಿಯ ಕೆಳಗಿನ ತುಂಡು ಗೋಡೆ ತನ್ನ ತೂಕವನ್ನು ಬಿಟ್ಟರೆ ಹೇಳಿಕೊಳ್ಳುವಂಥ ಭಾರವನ್ನೇನೂ ಹೊತ್ತಿರುವುದಿಲ್ಲ. ಇಟ್ಟಿಗೆ, ಬ್ಲಾಕಿನ ಗೋಡೆಗಳಲ್ಲಿ ಅಗಲವನ್ನು ಇದ್ದಷ್ಟೇ ಇಟ್ಟುಕೊಂಡು ಆ ತುಂಡನ್ನು ತೆಗೆದರೆ ಲಿಂಟಲ್ ಮುಟ್ಟಬೇಕಾಗಿಲ್ಲ, ಛಜ್ಜಾ ಮುಟ್ಟಬೇಕಾಗಿಲ್ಲ. ನೆಲದಿಂದ ಮೂರಡಿ ಮೇಲೆ ಆರಂಭವಾಗುವ 4 ಅಡಿ ಚೌಕದ ಕಿಟಕಿಯನ್ನು ಒಂದೂವರೆ ಅಡಿ ಕೆಳಗಿಳಿಸಿದರೆ 16 ಚದರಡಿ ಇದ್ದದ್ದು 22 ಚದರಡಿ ಆಗುತ್ತದೆ, ಮಂಚದ ಮೇಲೆ ಮಲಗಿದವರ ಮೈಗೂ ಗಾಳಿ ತಾಗುತ್ತದೆ. ಗೋಡೆಯೊಳಗೆ ವೈರಿನ ಪೈಪು ಹಾದಿದೆಯೇ ಎಂದು ಮೊದಲು ನೋಡಬೇಕು, ಮಕ್ಕಳಿರುವ ಮನೆಯಾದರೆ ಗ್ರಿಲ್ಲು ಕೆಳಗಿನ ಅಂಚಿನವರೆಗೂ ಬರಬೇಕು. ಇದಾಗದಿದ್ದಾಗ ಅಗಲ ಮಾಡುವುದು ಎರಡನೆಯ ಮಾತು. ಎತ್ತರಿಸುವುದಕ್ಕೆ ಇದ್ದ ಲಿಂಟಲನ್ನೇ ತೆಗೆಯಬೇಕಾಗುತ್ತದೆ. ಏಳಡಿಯ ಮೇಲೆ ಸಿಗುವ ಆ ಬೆಳಕಿಗಾಗಿ ಅಷ್ಟು ಪಾಡು ಪಡುವುದು ಅಪರೂಪಕ್ಕೆ ಮಾತ್ರ ಸಾರ್ಥಕ.

"ಬರೇ ಎರಡು ಫೂಟು ಅಗಲ ಮಾಡೋದು. ಅಷ್ಟಕ್ಕ ಹೊಸಾ ಲಿಂಟಲ್ ಯಾಕ ಬೇಕು?"

ಹಳೆಯ ಲಿಂಟಲ್ ಎರಡೂ ಬದಿಯ ಗೋಡೆಯೊಳಗೆ ಆರರಿಂದ ಒಂಬತ್ತು ಇಂಚು ಮಾತ್ರ ಕುಳಿತಿರುತ್ತದೆ. ಬದಿಗೆ ಒಂದೊಂದು ಅಡಿ ಗೋಡೆ ತೆಗೆದೊಡನೆ ಅದರ ಎರಡೂ ತುದಿಗಳು ಗಾಳಿಯಲ್ಲಿ ನಿಲ್ಲುತ್ತವೆ. ಇಷ್ಟು ಕಣ್ಣಿಗೆ ಕಾಣುವ ಕಾರಣ. ಕಾಣದ ಕಾರಣ ಇನ್ನೂ ದೊಡ್ಡದು.

ಗಾರೆ ಹಿಡಿದು ಗಟ್ಟಿಯಾದ ಗೋಡೆಯಲ್ಲಿ ಕಿಟಕಿಯ ಮೇಲಿನ ಭಾರವೆಲ್ಲ ಲಿಂಟಲಿನ ಮೇಲೆ ಬೀಳುವುದಿಲ್ಲ. ಇಟ್ಟಿಗೆಗಳು ಒಂದಕ್ಕೊಂದು ಒರಗಿ ಕಮಾನಿನಂತೆ ಭಾರವನ್ನು ಬದಿಗೆ ದಾಟಿಸುತ್ತವೆ, ಲಿಂಟಲಿನ ಪಾಲಿಗೆ ಒಂದು ತ್ರಿಕೋನದಷ್ಟು ಗೋಡೆ ಉಳಿಯುತ್ತದೆ. ಮೂರಡಿಯ ಕಿಟಕಿಯ ಮೇಲೆ ಆ ತ್ರಿಕೋನದ ಎತ್ತರ ಸುಮಾರು 2.6 ಅಡಿ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಅದರ ತೂಕ ಸುಮಾರು 155 ಕಿಲೋ. ಕಿಟಕಿ ಐದಡಿಯಾದರೆ ತೂಕ 430 ಕಿಲೋ ಆಗುತ್ತದೆ, ಲಿಂಟಲನ್ನು ಬಾಗಿಸುವ ಬಲ ನಾಲ್ಕೂವರೆ ಪಟ್ಟು ಏರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಐದಡಿಯ ತ್ರಿಕೋನದ ಎತ್ತರ 4.3 ಅಡಿ, ಹತ್ತಡಿ ಎತ್ತರದ ಕೋಣೆಯಲ್ಲಿ ಏಳಡಿಗೆ ಕೂತ ಲಿಂಟಲಿನ ಮೇಲೆ ಗೋಡೆ ಇರುವುದೇ ಎರಡೂವರೆ, ಮೂರಡಿ. ತ್ರಿಕೋನದ ತುದಿ ಸ್ಲ್ಯಾಬನ್ನು ದಾಟಿತೆಂದರೆ ಕಮಾನು ಪೂರ್ತಿ ಕಟ್ಟಿಕೊಳ್ಳಲಿಲ್ಲ, ಸ್ಲ್ಯಾಬಿನ ಭಾರವೂ ಲಿಂಟಲಿಗೇ ಬಂತು ಎಂದರ್ಥ. ಹನ್ನೆರಡು ಅಡಿ ಹರವಿನ ಸ್ಲ್ಯಾಬ್ ಆ ಗೋಡೆಯ ಮೇಲೆ ಕೂತಿದ್ದರೆ ಐದಡಿಯ ಪಾಲಿಗೆ ಒಂದೂವರೆ ಟನ್ನಿಗೂ ಮೀರಿದ ಭಾರ ಬರುತ್ತದೆ. ಮೂರಡಿಗೆ ನಿಶ್ಚಿಂತೆಯಿಂದ ಇದ್ದ ಮನೆ ಐದಡಿಗೆ ಬಿರುಕು ಬಿಡುವುದು ಈ ಕಾರಣಕ್ಕೆ. ಲಿಂಟಲಿನ ದಪ್ಪ ಎಷ್ಟು, ಸಳಿ ಯಾವುದು ಎಂಬುದನ್ನು ಸ್ಥಳ ನೋಡಿದ ಎಂಜಿನಿಯರ್ ಲೆಕ್ಕ ಮಾಡಿ ಬರೆದುಕೊಡಬೇಕು.

"ಮೂಲೆಯ ತನಕ ಕಿಟಕಿ ಮಾಡಿಸಬಹುದೇ?"

ಗೋಡೆಯೇ ಭಾರ ಹೊತ್ತ ಮನೆಯಲ್ಲಿ ಮಾಡಿಸಬೇಡಿರಿ. ಎರಡು ಗೋಡೆ ಕೂಡುವ ಮೂಲೆಯಿಂದ ಒಂದೂವರೆ ಅಡಿಯಾದರೂ, ಎರಡು ಕಿಟಕಿಗಳ ನಡುವೆ ಎರಡಡಿಯಾದರೂ ಗಟ್ಟಿ ಗೋಡೆ ಉಳಿಯಬೇಕು. ಒಂದೇ ಅಂತಸ್ತಿನ ಮನೆಯಲ್ಲಿಯೂ ಕಿಟಕಿ, ಬಾಗಿಲುಗಳ ಒಟ್ಟು ಅಗಲ ಗೋಡೆಯ ಉದ್ದದ ಅರ್ಧವನ್ನು ಮೀರಬಾರದು. ಪಿಲ್ಲರ್ ಚೌಕಟ್ಟಿನ ಮನೆಯಲ್ಲಿ ಪಿಲ್ಲರಿನವರೆಗೂ ಹೋಗಬಹುದು, ಆದರೆ ನಾಲ್ಕು ಇಂಚು ಬ್ಲಾಕ್ ಉಳಿಸಿಕೊಂಡರೆ ಕಟರಿನ ಬಾಯಿಗೆ ಪಿಲ್ಲರಿನ ಸಳಿ ಸಿಗುವುದಿಲ್ಲ.

"ಗ್ವಾಡಿಗಿ ಮೊದಲೇ ಬಿರುಕು ಬಂದಾವ. ನಮ್ದು ಎರಿ ಹೊಲದಾಗಿನ ಪ್ಲಾಟು. ಆದ್ರೂ ಮಾಡ್ಲಕ್ಕ ಬರ್ತದೇನು?"

ಬಿರುಕಿನ ಸ್ವಭಾವ ತಿಳಿಯದೆ ಮಾಡಬಾರದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಬುನಾದಿ ಸಾಕಷ್ಟು ಆಳಕ್ಕೆ ಹೋಗಿಲ್ಲದಿದ್ದರೆ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಓಡಿದ ಬಿರುಕು ಅದರ ಗುರುತು. ಬಿರುಕಿಗೆ ಅಡ್ಡಲಾಗಿ, ಒಂದು ಬೆರಳುದ್ದದ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಡಿರಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದೂ ಗಾಜು ಇಡಿಯಾಗಿದ್ದರೆ ಬಿರುಕು ಹಳೆಯದು, ಕೆಲಸಕ್ಕೆ ಅಡ್ಡಿಯಿಲ್ಲ. ಸೀಳಿದ್ದರೆ ಮೊದಲು ಬುನಾದಿಯ ಸುತ್ತ ನೀರು ನಿಲ್ಲದಂತೆ ಮಾಡಿ, ಅಲ್ಲಿನ ಚಲನೆ ನಿಲ್ಲಿಸಬೇಕು; ಕಿಟಕಿ ಆಮೇಲಿನ ಮಾತು.

"ಪರವಾನಗಿ ಬೇಕಾಗುತ್ತದೆಯೇ?"

ಹೊರಗೋಡೆಯನ್ನು ಬದಲಿಸುವ ಕೆಲಸವಾದ್ದರಿಂದ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿರಿ. ಗಡಿಗೆ ತಾಗಿದ ಗೋಡೆಯಲ್ಲಿ ನೆರೆಯವರ ಅಂಗಳದ ಕಡೆ ತೆರೆಯುವ ಕಿಟಕಿ ಜಗಳಕ್ಕೆ ದಾರಿ, ಅದನ್ನು ಕೈಬಿಡುವುದೇ ಲೇಸು. ಕಲಬುರಗಿ ಕೋಟೆ, ಬೀದರ್ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿನ ಮನೆಗಳ ದುರಸ್ತಿಗೂ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ವ್ಯವಸ್ಥೆಯಡಿ ಅನುಮತಿ ಪಡೆಯಬೇಕು.

"ಯಾವ ತಿಂಗಳಲ್ಲಿ ಮಾಡಿಸಿದರೆ ಒಳ್ಳೆಯದು?"

ದೀಪಾವಳಿಯಿಂದ ಸಂಕ್ರಾಂತಿಯ ನಡುವೆ. ಸೆಕೆ ತಾಳಲಾರದೆ ಏಪ್ರಿಲ್‌ನಲ್ಲಿ ಗೋಡೆ ಒಡೆಸಲು ಬರುವವರೇ ಹೆಚ್ಚು, ಆದರೆ ಆ ಬಿಸಿಲಿನಲ್ಲಿ ಹೊಸ ಕಾಂಕ್ರೀಟು ಬೇಗ ಒಣಗಿ ಬಲ ಕಳೆದುಕೊಳ್ಳುತ್ತದೆ. ಒಂದು ಬೇಸಿಗೆ ಚಿಕ್ಕು ಕಟ್ಟಿಕೊಂಡು ಕಳೆಯಿರಿ.

## ಒಡೆಯುವಾಗ

"ಜಾಕ್ ಹಚ್ಚೋದು ಬ್ಯಾಡ, ಒಂದೇ ದಿನದ ಕೆಲಸ ಅಂತಾನ ಗೌಂಡಿ. ಖರೇನೇ?"

ಪಿಲ್ಲರ್ ಚೌಕಟ್ಟಿನ ಮನೆಯಲ್ಲಿ, ಬೀಮಿನ ಕೆಳಗೆ ಎರಡು ಮೂರು ಸಾಲು ಬ್ಲಾಕ್ ಮಾತ್ರ ಇದ್ದರೆ, ಅವನ್ನೂ ಇಳಿಸಿಬಿಡಬಹುದಾದ್ದರಿಂದ ಅವನ ಮಾತು ನಡೆದೀತು. ಗೋಡೆಯೇ ಸ್ಲ್ಯಾಬ್ ಹೊತ್ತಿದ್ದರೆ ಒಂದು ತಾಸಿಗೂ ನಡೆಯದು. ಗೋಡೆಯ ಎರಡೂ ಬದಿ ಸ್ಲ್ಯಾಬಿನ ಕೆಳಗೆ, ಗೋಡೆಯಿಂದ ಎರಡು, ಮೂರಡಿ ದೂರದಲ್ಲಿ ಜಾಕ್‌ಗಳ (ತಿರುಗಿಸಿ ಬಿಗಿಮಾಡುವ ಕಬ್ಬಿಣದ ಆಸರೆ ಕಂಬಗಳ) ಸಾಲು ನಿಲ್ಲಬೇಕು. ಹೊರಬದಿಗೆ ಸ್ಲ್ಯಾಬ್ ಇಲ್ಲದಿದ್ದರೆ ಲಿಂಟಲಿನ ಮೇಲಿನ ಗೋಡೆಯಲ್ಲಿ ಮೂರಡಿಗೊಂದು ತೂತು ಕೊರೆದು, ಕಬ್ಬಿಣದ ತೊಲೆ ಅಡ್ಡಲಾಗಿ ತೂರಿಸಿ, ಅದರ ಎರಡೂ ತುದಿಗೆ ಜಾಕ್ ಕೊಡಬೇಕು.

ಜಾಕಿನ ಬುಡ ನೋಡುವುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ನಮ್ಮ ಮನೆಗಳ ನೆಲ ಶಹಾಬಾದ್ ಫರಸಿಯದು (ಹಾಸುಗಲ್ಲಿನದು). ಅದರ ಕೆಳಗೆ ತುಂಬಿದ ಮುರುಮು (ಗರಸು ಮಣ್ಣು) ಎಲ್ಲಾದರೂ ಕುಸಿದಿದ್ದರೆ ಫರಸಿಯ ಕೆಳಗೆ ಪೊಳ್ಳು ಇರುತ್ತದೆ, ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಡಬಡಬ ಎನ್ನುತ್ತದೆ. ಅಂಥ ಕಡೆ ಅಂಗೈಯಗಲದ ಜಾಕ್ ನಿಲ್ಲಿಸಿದರೆ ಫರಸಿ ಸೀಳಿ, ಜಾಕ್ ಅರ್ಧ ಇಂಚು ಇಳಿದು, ಇದ್ದೂ ಇಲ್ಲದಂತಾಗುತ್ತದೆ. ಒಂಬತ್ತು ಇಂಚು ಅಗಲದ ದಪ್ಪ ಹಲಗೆಯನ್ನು ಉದ್ದಕ್ಕೆ ಹಾಸಿ, ಅದರ ಮೇಲೆ ಜಾಕ್ ನಿಲ್ಲಿಸಿ, ಕೈಯಿಂದ ಬಿಗಿಯಾಗುವಷ್ಟು ಮಾತ್ರ ತಿರುಗಿಸಬೇಕು. ಸ್ಲ್ಯಾಬನ್ನು ಮೇಲಕ್ಕೆತ್ತಲು ಹೋಗಬಾರದು.

"ಹಳೆಯ ಛಜ್ಜಾ ಹಾಗೇ ಇರಲಿ, ಕಿಟಕಿ ಮಾತ್ರ ಅಗಲ ಆಗಲಿ ಅಂದರೆ ಆಗುತ್ತದೆಯೇ?"

ಆಗುವುದು ಕಷ್ಟ. ಛಜ್ಜಾ ಮತ್ತು ಲಿಂಟಲನ್ನು ಒಟ್ಟಿಗೇ ಸುರಿದಿರುತ್ತಾರೆ. ಹೊರಗೆ ಚಾಚಿದ ಛಜ್ಜಾ ಮುಗ್ಗರಿಸದೆ ನಿಂತಿರುವುದು ಲಿಂಟಲಿನ ಮೇಲೆ ಕುಳಿತ ಗೋಡೆಯ ತೂಕದಿಂದ. ಆ ತೂಕ ತೆಗೆದರೆ ಅದು ಹೊರಕ್ಕೆ ಮಗುಚುತ್ತದೆ. ನನ್ನ ಅಕ್ಕನ ಮನೆಯಲ್ಲಿಯೇ ಇದು ನಡೆಯಿತು. ನಾನು ಊರಲ್ಲಿಲ್ಲದ ದಿನ ಗುತ್ತಿಗೆದಾರನೊಬ್ಬ ಲಿಂಟಲಿನ ಮೇಲಿನ ಬ್ಲಾಕುಗಳನ್ನು ಮೊದಲು ಇಳಿಸಿದ್ದ. ಮಧ್ಯಾಹ್ನ ಊಟಕ್ಕೆಂದು ಎಲ್ಲರೂ ಒಳಗೆ ಹೋದ ಹೊತ್ತಿಗೆ ಐದಡಿಯ ಛಜ್ಜಾ ಲಿಂಟಲ್ ಸಮೇತ ಹೊರಕ್ಕೆ ಹೊರಳಿ, ಅದರ ಕೆಳಗಿದ್ದ ತುಳಸಿಕಟ್ಟೆ ಎರಡು ಹೋಳಾಗಿತ್ತು. ಅಂದಿನಿಂದ ಛಜ್ಜಾದ ಕೆಳಗೆ ಎರಡು ಜಾಕ್ ಬಿಗಿದದ್ದನ್ನು ಕಣ್ಣಾರೆ ನೋಡದೆ ನಾನು ಸುತ್ತಿಗೆ ಎತ್ತಲು ಬಿಡುವುದಿಲ್ಲ. ಜಾಕ್ ಕೊಟ್ಟು, ಛಜ್ಜಾವನ್ನು ಮೊದಲು ತುಂಡು ತುಂಡಾಗಿ ಕತ್ತರಿಸಿ ಇಳಿಸಿ, ಅನಂತರ ಲಿಂಟಲಿಗೆ ಬರಬೇಕು. ಹೊಸ ಛಜ್ಜಾದ ಸಳಿಗಳು ಹೊಸ ಲಿಂಟಲಿನೊಳಗಿಂದಲೇ ಬರಬೇಕು. ಅದು ಬೇಡವಾದರೆ ಬ್ರಾಕೆಟ್ಟಿನ ಮೇಲೆ ಹಗುರ ಶೀಟು ಸಾಕು.

"ಮ್ಯಾಲಿನ ಗ್ವಾಡಿ ಇರುವಾಗ್ಲೇ ಕೆಳಗ ಹೊಸಾ ಲಿಂಟಲ್ ಹ್ಯಾಂಗ ಕೂಡಿಸ್ತಾರ?"

ಗೋಡೆಯ ಅರ್ಧ ದಪ್ಪದಂತೆ ಎರಡು ಸಲಕ್ಕೆ. ಒಂಬತ್ತು ಇಂಚಿನ ಗೋಡೆಯಾದರೆ ಮೊದಲು ಒಳಬದಿಯಿಂದ ನಾಲ್ಕೂವರೆ ಇಂಚು ಆಳದ ತೋಡು ತೆಗೆದು, ಎರಡೂ ತುದಿಗೆ ಕಾಂಕ್ರೀಟಿನ ಕೂರುಮಣೆ ಮಾಡಿ, ಅದರ ಮೇಲೆ ಕಬ್ಬಿಣದ ಚಾನೆಲ್ (ಮೂರು ಮಗ್ಗುಲಿನ ತೊಲೆ) ಒಂದನ್ನು ಕೂಡಿಸುತ್ತಾರೆ. ಚಾನೆಲ್ಲಿನ ತಲೆಗೂ ಮೇಲಿನ ಇಟ್ಟಿಗೆಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟನ್ನು (ಸಂದಿ ತುಂಬುವ ಸಿಮೆಂಟ್ ಗಾರೆಯನ್ನು) ಒತ್ತಿ ತುಂಬುತ್ತಾರೆ. ಈ ಸಂದಿಯೇ ಕೆಲಸದ ಜೀವ. ಸಡಿಲು ಉಳಿದರೆ ಮೇಲಿನ ಗೋಡೆ ಅಷ್ಟು ಇಳಿದು, ಬಿರುಕು ಬಿಟ್ಟ ಮೇಲೆಯೇ ಚಾನೆಲ್ಲಿಗೆ ತಾಗುತ್ತದೆ. ಗ್ರೌಟು ಗಟ್ಟಿಯಾಗಲು ಎರಡು, ಮೂರು ದಿನ ಬಿಟ್ಟು ಹೊರಬದಿಯಿಂದ ಇನ್ನೊಂದು ಚಾನೆಲ್ ಕೂಡಿಸಿ, ಎರಡನ್ನೂ ಬೋಲ್ಟಿನಿಂದ ಬಿಗಿದು, ಜಾಲರಿ ಸುತ್ತಿ ಗಿಲಾವು ಮಾಡುತ್ತಾರೆ. ಇಷ್ಟೂ ಆದ ಮೇಲೆ ಕೆಳಗಿನ ಗೋಡೆ ತೆಗೆಯುವುದು. ಸುರಿದ ಕಾಂಕ್ರೀಟಿನ ಲಿಂಟಲೇ ಬೇಕೆಂದರೆ ಮೇಲೆ ಒಂದೆರಡು ಇಂಚು ಬಿಟ್ಟು ಸುರಿದು, ಮರುದಿನ ಆ ಸಂದಿಗೆ ಗಟ್ಟಿ ಕಲಸಿದ ಗಾರೆಯನ್ನು ಹಲಗೆಯ ತುದಿಯಿಂದ ಜಡಿದು ತುಂಬಬೇಕು.

"ಬ್ರೇಕರ್ ಹಚ್ಚಿದ್ರ ಜಲ್ದಿ ಆಗ್ತದಲ್ಲ?"

ಬ್ರೇಕರ್ ಎಂದರೆ ಗುದ್ದಿ ಒಡೆಯುವ ಯಂತ್ರ, ಅದರ ಅದುರು ನಿಮಗೆ ಬೇಕಾದ ಗೆರೆಯಲ್ಲಿ ನಿಲ್ಲುವುದಿಲ್ಲ. ಉಳಿಯಬೇಕಾದ ಗೋಡೆಯ ಗಾರೆಯನ್ನೂ ಸಡಿಲಿಸುತ್ತದೆ. ಮೊದಲು ಡೈಮಂಡ್ ಬ್ಲೇಡಿನ ಕಟರಿನಿಂದ ಎರಡೂ ಬದಿಗೆ ಗೆರೆ ಕೊರೆಯಬೇಕು. ನಾಲ್ಕು ಇಂಚಿನ ಗ್ರೈಂಡರ್ ಒಂದು ಇಂಚು ಆಳಕ್ಕೆ ಹೋದೀತು, ಏಳು ಇಂಚಿನದು ಎರಡು ಇಂಚಿಗೆ; ಆದ್ದರಿಂದ ಒಳಗಿನ ಮತ್ತು ಹೊರಗಿನ ಗೆರೆಗಳು ಒಂದೇ ನೇರಕ್ಕೆ ಬರುವಂತೆ ನಾಲ್ಕು ಮೂಲೆಗೂ ಆರಪಾರ ತೂತು ಹಾಕಿಕೊಂಡು ನೂಲು ಹಿಡಿಯುವುದು ಒಳ್ಳೆಯದು. ಆ ತೂತುಗಳಿಂದ ಇನ್ನೊಂದು ಲಾಭವೂ ಇದೆ, ಗೆರೆ ಮೂಲೆ ದಾಟಿ ಮುಂದೆ ಹೋಗುವುದಿಲ್ಲ. ಉಳಿದದ್ದನ್ನು ಉಳಿ, ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಮೇನ್ ಸ್ವಿಚ್ ಆರಿಸಿ, ಕಟರಿಗೆ ಬೇರೆ ಕಡೆಯಿಂದ ಕರೆಂಟು ತನ್ನಿರಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶವನ್ನು ಕಾಯಂ ಕೆಡಿಸುತ್ತದೆ. ಹೆಗಲ ಟವೆಲ್ ಮುಖಕ್ಕೆ ಸುತ್ತಿಕೊಂಡು ಕತ್ತರಿಸುವ ಹುಡುಗನಿಗೆ ಸರಿಯಾದ ಮಾಸ್ಕ್ ಕೊಡಿಸುವುದು ಮನೆಯವರ ಹೊಣೆ ಎಂದು ನಾನು ತಿಳಿದಿದ್ದೇನೆ.

"ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಬೇಕು?"

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ 456ರ ಪ್ರಕಾರ ಲಿಂಟಲಿನಂಥ ಬೀಮುಗಳ ಕೆಳಗಿನ ಆಸರೆ, ಅಂದರೆ ಸೆಂಟ್ರಿಂಗ್, 14 ದಿನ ಇರಬೇಕು. ಒಣ ಸೆಕೆಯಲ್ಲಿ ನೀರು ಹಾಕುವುದು ಕನಿಷ್ಠ 10 ದಿನ, ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಿಗೆ 14 ದಿನ. ಸೇಡಂ, ವಾಡಿಯಲ್ಲೇ ಕಾರ್ಖಾನೆಗಳಿರುವ ನಮಗೆ ಸಿಮೆಂಟಿಗೆ ಬರವಿಲ್ಲ, ಬರವಿರುವುದು ನೀರಿಗೆ. ಲಿಂಟಲಿಗೆ ಗೋಣಿತಾಟು ಸುತ್ತಿ ತೋಯಿಸಿಟ್ಟರೆ ದಿನಕ್ಕೆ ಎರಡು, ಮೂರು ಕೊಡ ಸಾಕಾಗುತ್ತದೆ.

## ಕಠಿಣ ಸಂದರ್ಭಗಳು

"ಅಜ್ಜನ ಕಾಲದ ಕಲ್ಲಿನ ಮನಿ. ಎರಡು ಫೂಟಿನ ಗ್ವಾಡಿ. ಅಷ್ಟು ದಪ್ಪ ಇದ್ದಿದ್ದಕ್ಕ ಏನೂ ಆಗಂಗಿಲ್ಲಲ್ಲ?"

ಈ ಗೋಡೆಗಳ ಬಗ್ಗೆಯೇ ನನಗೆ ಹೆಚ್ಚು ಭಯ. ಹೊರಗಿನಿಂದ ಎರಡಡಿಯ ಒಂದು ಗೋಡೆಯಂತೆ ಕಂಡರೂ ಒಳಗೆ ಅದು ಎರಡು ಪದರ. ಅವುಗಳ ನಡುವೆ ಮಣ್ಣು ಮತ್ತು ಕಲ್ಲಿನ ಚೂರು. ಎರಡನ್ನೂ ಹಿಡಿದಿಡುವ ಉದ್ದದ ಅಡ್ಡಗಲ್ಲುಗಳು ಅಲ್ಲಲ್ಲಿ ಇರಬಹುದು, ಇಲ್ಲದಿರಲೂಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಇಂಥ ಗೋಡೆಗಳ ಪದರಗಳು ಬೇರ್ಪಟ್ಟು, ಮಲಗಿದವರ ಮೇಲೆ ಮಾಳಿಗೆ ಸಮೇತ ಬಿದ್ದು ಸಾವಿರಾರು ಜೀವ ಹೋದವು. ಕಿಟಕಿಗಾಗಿ ಬದಿಯ ಒಂದು ಕಲ್ಲನ್ನು ಎಳೆದರೆ ನಡುವಿನ ಮಣ್ಣು ಧಾರೆಯಾಗಿ ಸುರಿಯತೊಡಗುತ್ತದೆ, ಅದರ ಹಿಂದೆ ಕಲ್ಲುಗಳೂ ಬರುತ್ತವೆ. ಮೇಲೆ ಹಾಸಿದ ಶಹಾಬಾದ್ ಕಲ್ಲಿನ ಪಟ್ಟಿಯೇ ಲಿಂಟಲ್ ಆಗಿದ್ದರೆ ಅದು ಬಾಗುವಿಕೆಯನ್ನು ತಾಳದು, ನಡುವೆ ಸೀಳುತ್ತದೆ.

ಅಂಥ ಮನೆಯಲ್ಲಿ ಅಗಲ ಮಾಡುವ ಆಸೆ ಬಿಡುವುದೇ ಉತ್ತಮ. ಕೆಳಕ್ಕೆ ಇಳಿಸುವುದಾದರೂ ಸಣ್ಣ ಭಾಗಗಳಲ್ಲಿ ಉಳಿಯಿಂದಲೇ ಬಿಡಿಸಿ, ತೆರೆದ ಬದಿಯ ಎರಡೂ ಪದರ ಕೂಡುವಂತೆ ಕಾಂಕ್ರೀಟಿನ ಅಂಚು ಕಟ್ಟುತ್ತ ಹೋಗಬೇಕು.

"ಬೀದರ್‌ನಲ್ಲಿ ಕೆಂಪು ಕಲ್ಲಿನ ಮನೆ. ಅದಕ್ಕೂ ಇದೇ ಮಾತೇ?"

ಕತ್ತರಿಸಿದ ಕೆಂಪು ಕಲ್ಲುಗಳನ್ನು ಇಟ್ಟಿಗೆಯಂತೆ ಸಾಲಾಗಿ ಕಟ್ಟಿದ್ದರೆ ಅದನ್ನು ಇಟ್ಟಿಗೆ ಗೋಡೆಯಂತೆಯೇ ನೋಡಬಹುದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲಿದು. ಹೊಸದಾಗಿ ಕತ್ತರಿಸಿದ ಒಳಮುಖಕ್ಕೆ ಮಳೆ ನೀರು ತಾಗದಂತೆ ಬೇಗ ಗಿಲಾವು ಮಾಡಿಸಿರಿ.

"ಅಪಾರ್ಟ್‌ಮೆಂಟಿನ ಮೈವಾನ್ ಗೋಡೆಯಲ್ಲಿ ಒಂದು ಅಡಿ ಹೆಚ್ಚಿಸಿದರೆ ಯಾರಿಗೆ ತೊಂದರೆ?"

ನಿಮ್ಮ ಮೇಲಿನ ಎಲ್ಲ ಅಂತಸ್ತಿನವರಿಗೂ. ಅಲ್ಲಿ ಬೇರೆ ಪಿಲ್ಲರುಗಳಿಲ್ಲ, ಗೋಡೆಗಳೇ ಕಟ್ಟಡವನ್ನು ನಿಲ್ಲಿಸಿವೆ, ಗಾಳಿ ಮತ್ತು ಭೂಕಂಪದ ಅಡ್ಡ ತಳ್ಳನ್ನು ತಡೆಯುತ್ತಿರುವುದೂ ಅವೇ. ಇಲ್ಲಿ ಕೆಳಕ್ಕೆ ಇಳಿಸುವುದೂ ಸುಲಭದ ಮಾತಲ್ಲ, ಏಕೆಂದರೆ ಕಿಟಕಿಯ ಕೆಳಗಿನ ತುಂಡೂ ಎರಡು ಬದಿಯ ಗೋಡೆಗಳನ್ನು ಬೆಸೆಯುವ ಬೀಮಿನಂತೆ ದುಡಿಯುತ್ತಿರಬಹುದು, ತೆರಪಿನ ಮೂಲೆಗಳಲ್ಲಿ ಬಿರುಕು ತಡೆಯಲು ಇಟ್ಟ ಹೆಚ್ಚುವರಿ ಸಳಿಗಳು ಮೊದಲ ಗೆರೆಗೇ ಕತ್ತರಿಸಿಹೋಗುತ್ತವೆ. ಮೂಲ ಲೆಕ್ಕಾಚಾರ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆ ಮತ್ತು ನಿವಾಸಿಗಳ ಸಂಘದ ಒಪ್ಪಿಗೆ ಎರಡೂ ಇಲ್ಲದೆ ಇಂಥ ಗೋಡೆಗೆ ಕಟರ್ ತಾಗಿಸಬಾರದು. ನನ್ನ ಬಳಿ ಬಂದವರಿಗೆ ನಾನು ಬೇಡವೆಂದೇ ಹೇಳಿ ಕಳಿಸಿದ್ದೇನೆ.

"ಕತ್ತರಿಸುವಾಗ ಸಳಿ ಸಿಕ್ಕರೆ ಏನು ಮಾಡಬೇಕು?"

ಕಟರ್ ನಿಲ್ಲಿಸಿ, ಎಂಜಿನಿಯರರಿಗೆ ತೋರಿಸಿರಿ. ಬ್ಲಾಕಿನ ಗೋಡೆಯಲ್ಲಿ ಲಿಂಟಲಿನ ಮಟ್ಟದಲ್ಲಿ ಮನೆಯ ಸುತ್ತ ಎಡೆಬಿಡದೆ ಹರಿಯುವ ಕಾಂಕ್ರೀಟ್ ಪಟ್ಟಿ ಸಿಕ್ಕರೆ ಅದು ಭೂಕಂಪಕ್ಕೆ ಹಾಕಿದ ಸೊಂಟಪಟ್ಟಿ. ಒಂದು ಕಡೆ ಕಡಿದರೆ ಇಡೀ ಪಟ್ಟಿ ಕೆಲಸಕ್ಕೆ ಬಾರದು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿದ್ದನ್ನು ಕಂಡ ನಾವು ಆ ಪಟ್ಟಿಯನ್ನು ಹಗುರಾಗಿ ಕಾಣಬಾರದು. ಎಂಜಿನಿಯರ್ ಒಪ್ಪಿ ಕತ್ತರಿಸಿದ ಸಳಿಯ ತುದಿಗಳನ್ನು ಬೆತ್ತಲೆ ಬಿಡಬಾರದು. ಒಂದು ಇಂಚು ಒಳಕ್ಕೆ ಕೊರೆದು, ತುಕ್ಕು ತಡೆಯುವ ಬಣ್ಣ ಹಚ್ಚಿ, ಪಾಲಿಮರ್ ಗಾರೆಯಿಂದ ಮುಚ್ಚಬೇಕು.

"ಹೊಸಾ ಖಿಡಕಿ ಕೂಡಿಸಿದ ಮ್ಯಾಲ ಮಳಿ ನೀರು ಒಳಗ ಬರ್ಲಕತ್ತದ."

ನೀರು ಬರುವುದು ಸಾಮಾನ್ಯವಾಗಿ ಕೆಳಗಿನ ಅಂಚಿನಿಂದ. ಹೊರಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು, ಗೋಡೆಗಿಂತ ಒಂದೆರಡು ಇಂಚು ಮುಂದೆ ಚಾಚಿರಬೇಕು, ಅದರ ಅಡಿಭಾಗದಲ್ಲಿ ನೀರು ಹಿಂದಕ್ಕೆ ಹರಿಯದೆ ತೊಟ್ಟಿಕ್ಕುವಂತೆ ಒಂದು ತೋಡು ಕೊರೆದಿರಬೇಕು. ಗಿಲಾವು ಮುಗಿದ ಮೇಲೆ ಅಳತೆ ತೆಗೆದು ಕಿಟಕಿ ಮಾಡಿಸಿದ್ದರೆ ಸುತ್ತಲಿನ ಸಂದು ಸಣ್ಣದಾಗಿ ಸಮನಾಗಿರುತ್ತದೆ. ಅದಕ್ಕೆ ಫೋಮ್, ಹೊರಮುಖಕ್ಕೆ ಸಿಲಿಕೋನ್ ತುಂಬಿದರೆ ಸೋರುವುದಿಲ್ಲ. ಅಳತೆ ಮೊದಲೇ ಕೊಟ್ಟು, ಆಮೇಲೆ ಮುಕ್ಕಾಲು ಇಂಚಿನ ಸಂದಿಗೆ ಸಿಮೆಂಟು ಮೆತ್ತಿದ ಕಡೆ ಸೋರುತ್ತದೆ.

"ಕೆಲಸ ಮುಗಿದು ತಿಂಗಳಾಯಿತು. ಮೇಲಿನ ಮೂಲೆಯಲ್ಲಿ ಸಣ್ಣ ಗೆರೆ ಬಿದ್ದಿದೆ. ಹೆದರಬೇಕೇ?"

ಹಳೆಯ ಗೋಡೆ ಮತ್ತು ಹೊಸ ಗಿಲಾವು ಕೂಡುವ ಕಡೆ ಕೂದಲಿನಂಥ ಗೆರೆ ಬೀಳುವುದು ಸಹಜ, ಹೊಸ ಗಿಲಾವು ಒಣಗುತ್ತ ಕುಗ್ಗುತ್ತದೆ. ಅಲ್ಲಿ ಮೊದಲೇ ಜಾಲರಿ ಬಡಿದಿದ್ದರೆ ಅದೂ ಬೀಳುತ್ತಿರಲಿಲ್ಲ. ಗೆರೆ ಲಿಂಟಲಿನ ತುದಿಯಿಂದ ಓರೆಯಾಗಿ ಸ್ಲ್ಯಾಬಿನತ್ತ ಹೊರಟಿದ್ದರೆ, ಗೋಡೆಯ ಎರಡೂ ಬದಿ ಒಂದೇ ಜಾಗದಲ್ಲಿ ಕಂಡರೆ, ಅಥವಾ ಕಿಟಕಿಯ ಬಾಗಿಲು ನಿನ್ನೆಯವರೆಗೆ ಸಲೀಸಾಗಿ ಹಾಕುತ್ತಿದ್ದದ್ದು ಇಂದು ಮೇಲೆ ತಿಕ್ಕುತ್ತಿದ್ದರೆ ಲಿಂಟಲ್ ಬಾಗುತ್ತಿದೆ ಅಥವಾ ಅದರ ಕೂರುಮಣೆ ಇಳಿಯುತ್ತಿದೆ. ಆಗ ಗೆರೆಗೆ ಪುಟ್ಟಿ ಹಚ್ಚಿ ಮರೆಮಾಡದೆ, ಅಂದೇ ಕಿಟಕಿಯ ನಡುವೆ ಹಲಗೆಯ ಮೇಲೆ ಒಂದು ಜಾಕ್ ನಿಲ್ಲಿಸಿ, ಆ ಗೋಡೆಯ ಪಕ್ಕದ ಮಂಚವನ್ನು ಬೇರೆ ಕೋಣೆಗೆ ಸರಿಸಿ, ಎಂಜಿನಿಯರರನ್ನು ಕರೆಸಿರಿ.